ಕೈ ಕಟ್ಟು, ಬಾಯಿ ಮುಚ್ಚು, ಈಗ ಕಣ್ಣೂ ಮುಚ್ಚು

ಕನ್ನಡ ಶಾಲೆಯಲ್ಲಿ ಓದಿದವರಿಗೆ 'ಕೈ ಕಟ್ಟು, ಬಾಯಿ ಮುಚ್ಚು' ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಚೆಗೆ ಅದರ ಜೊತೆ ಮೂರನೆಯದೊಂದು ಸೇರಿಕೊಂಡಿದೆ. 'ಕಣ್ಣು ಮುಚ್ಚಿ, ನಿಮ್ಮ ಉಸಿರನ್ನು ಗಮನಿಸಿ.' ಹೇಳುವವರ ದನಿ ಮೆತ್ತಗಿರುತ್ತದೆ, ಫೋನಿನಲ್ಲಿ ಕೊಳಲು ಬರುತ್ತಿರುತ್ತದೆ, ಎಲ್ಲ ಸರಿ. ಆದರೆ ಒಂದನೇ ಕ್ಲಾಸಿನ ಮಗುವಿಗೆ ಕೇಳಿಸುವುದು ಅದೇ ಹಳೇ ಮಾತು. ಅಲ್ಲಾಡಬೇಡ, ಸದ್ದು ಮಾಡಬೇಡ.

ನಾನು ಮೈಸೂರು ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಟೀಚರ್. 1ರಿಂದ 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂತಿರುತ್ತಾರೆ. ನಲಿ-ಕಲಿ ಹುಟ್ಟಿದ್ದೇ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರ ಹೊತ್ತಿಗೆ. ಮಕ್ಕಳು ಕೈಕಾಲು ಆಡಿಸುತ್ತಾ, ಹಾಡುತ್ತಾ, ತಮ್ಮ ವೇಗದಲ್ಲಿ ಕಲಿಯಲಿ ಅನ್ನುವುದೇ ಅದರ ಉದ್ದೇಶ. ನಾನು ದಿನಾ ಮಕ್ಕಳಿಂದ ಉಸಿರಾಟ ಮಾಡಿಸುತ್ತೇನೆ, ಆದ್ದರಿಂದ ಇದನ್ನು ವಿರೋಧಿಯ ಬರಹ ಅಂದುಕೊಳ್ಳಬೇಡಿ. ನನ್ನ ತಕರಾರು ಇಷ್ಟೇ. ಆರು-ಏಳು ವರ್ಷದ ಮಗುವಿಗೆ ತನ್ನ ಉಸಿರು ಗೊತ್ತಾಗುವುದು ಮೈ ಆಡಿದ ಮೇಲೆ. ನಾವು ಮಾಡಿಸುತ್ತಿರುವುದು ಉಲ್ಟಾ: ಮೊದಲು ಅಲ್ಲಾಡದಂತೆ ಕೂರಿಸುತ್ತೇವೆ, ಆಮೇಲೆ ಗಮನ ಕೇಳುತ್ತೇವೆ.

ಸುಮ್ಮನೆ ಕೂತ ಮಗುವಿನ ಉಸಿರಲ್ಲಿ ಗಮನಿಸಲು ಏನಿದೆ ಹೇಳಿ? ಮೂಗಿನ ತುದಿಯಲ್ಲಿ ತಣ್ಣಗಾಗುವುದು, ಬೆಚ್ಚಗಾಗುವುದು, ಇವೆಲ್ಲ ದೊಡ್ಡವರಿಗೇ ಸುಲಭಕ್ಕೆ ಸಿಗುವುದಿಲ್ಲ. ಅದೇ ಮಗುವನ್ನು ಬಾವುಟದ ಕಂಬದವರೆಗೆ ಓಡಿಸಿ ವಾಪಸ್ ಕರೆಸಿ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಹೊಟ್ಟೆ ಏರಿ ಇಳಿಯುತ್ತಿರುತ್ತದೆ, ಬಾಯಿ ತೆರೆದಿರುತ್ತದೆ. 'ಹೊಟ್ಟೆ ಮೇಲೆ ಕೈ ಇಡು, ಏನಾಗ್ತಿದೆ?' ಅಂತ ಕೇಳಿದರೆ ಸಾಕು, ಉತ್ತರ ಒಂದಲ್ಲ ಹತ್ತು ಬರುತ್ತವೆ. 'ಮಿಸ್, ಒಳಗಡೆ ಯಾರೋ ಗುದ್ದುತಾವ್ರೆ' ಅಂದ ಒಬ್ಬ. ಇನ್ನೊಬ್ಬಳು ಪಕ್ಕದವಳ ಹೊಟ್ಟೆ ಮುಟ್ಟಿ ನೋಡಿ, ತನ್ನದೇ ಜೋರು ಅಂತ ತೀರ್ಪು ಕೊಟ್ಟಳು. ಅವಳಿಗೆ ಇನ್ನೇನು ಗಮನ ಬೇಕು?

ನಾನು ಜಾಸ್ತಿ ನೆಚ್ಚಿಕೊಂಡಿರುವ ಆಟ 'ಕೆರೆ ದಡ'. ಗೊತ್ತಲ್ವಾ, ನೆಲದ ಮೇಲೊಂದು ಗೆರೆ, 'ಕೆರೆ' ಅಂದರೆ ಒಳಗೆ ನೆಗೆಯಬೇಕು, 'ದಡ' ಅಂದರೆ ಹೊರಗೆ. ಮೊದಲು ಜೋರಾಗಿ ಹೇಳುತ್ತೇನೆ, ಬೇಗ ಬೇಗ, ಮೋಸ ಮಾಡಿ ಎರಡು ಸಲ ಕೆರೆ ಅನ್ನುತ್ತೇನೆ, ಎಲ್ಲರೂ ಕಿರುಚುತ್ತಾ ನೆಗೆಯುತ್ತಾರೆ. ಆಮೇಲೆ ದನಿ ತಗ್ಗಿಸುತ್ತೇನೆ, ಇನ್ನೂ ತಗ್ಗಿಸುತ್ತೇನೆ, ಕೊನೆಗೆ ಪಿಸುಮಾತು. ಆ ಪಿಸುಮಾತು ಕೇಳಿಸಿಕೊಳ್ಳಲು ಮಕ್ಕಳು ತಾವಾಗಿಯೇ ಸದ್ದು ನಿಲ್ಲಿಸುತ್ತಾರೆ, ಕೆಲವರಂತೂ ಉಸಿರನ್ನೂ ಬಿಗಿ ಹಿಡಿದಿರುತ್ತಾರೆ. ಆಗ ಉದ್ದವಾಗಿ ಬಿಡಿಸುತ್ತೇನೆ. ಹಾವಿನ ಹಾಗೆ ಸ್ಸ್ಸ್ ಅನ್ನುತ್ತಾ, ಇಲ್ಲ ದುಂಬಿಯ ಹಾಗೆ ಬಾಯಿ ಮುಚ್ಚಿ ಮ್ಮ್ಮ್ ಅನ್ನುತ್ತಾ. ದುಂಬಿಯದು ಯೋಗದ ಭ್ರಾಮರಿ ಪ್ರಾಣಾಯಾಮವೇ, ಆದರೆ ಅವರಿಗೆ ಅದೆಲ್ಲ ಬೇಡ, ಕೆನ್ನೆ ಮೇಲೆ ಬೆರಳಿಟ್ಟರೆ ನಡುಗುವುದು ಗೊತ್ತಾಗುತ್ತದೆ, ಅಷ್ಟು ಸಾಕು.

ಉದ್ದವಾಗಿ ಬಿಡಿಸುವುದಕ್ಕೆ ಕಾರಣ ಇದೆ. ಉಸಿರು ಎಳೆದುಕೊಂಡಾಗ ಎದೆಬಡಿತ ಸ್ವಲ್ಪ ಬೇಗ ಆಗುತ್ತದೆ, ಬಿಟ್ಟಾಗ ಸ್ವಲ್ಪ ನಿಧಾನ ಆಗುತ್ತದೆ. ಮೆದುಳಿನ ಬುಡದಿಂದ ಗುಂಡಿಗೆಗೆ ಇಳಿಯುವ ವೇಗಸ್ ಅನ್ನುವ ನರ ಇದನ್ನು ನೋಡಿಕೊಳ್ಳುತ್ತದೆ. ಈ ಏರಿಳಿತ ದೊಡ್ಡವರಿಗಿಂತ ಮಕ್ಕಳಲ್ಲೇ ಎದ್ದು ಕಾಣುತ್ತದೆ, ಮಕ್ಕಳ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಅಂದರೆ ಬಿಡುವ ಉಸಿರು ಉದ್ದವಾದಷ್ಟೂ ಮೈ ತಣಿಯಲು ಸಮಯ ಸಿಗುತ್ತದೆ. ಗಾಬರಿಯಾದ ಮಗುವಿಗೆ 'ದೀರ್ಘವಾಗಿ ಉಸಿರು ಎಳೆದುಕೋ' ಅನ್ನುವುದಕ್ಕಿಂತ 'ಊದು' ಅನ್ನುವುದು ಮೇಲು. ಎಳೆದುಕೋ ಅಂದರೆ ಅವು ಭುಜ ಕಿವಿವರೆಗೆ ಎತ್ತಿ, ಎದೆ ಉಬ್ಬಿಸಿ, ಮುಖ ಕೆಂಪಗೆ ಮಾಡಿಕೊಂಡು ನಿಂತುಬಿಡುತ್ತವೆ.

ಊದುವುದಕ್ಕೆ ನಮ್ಮಲ್ಲಿ ಬೇರೆ ಸಾಮಾನು ಬೇಕಾಗಿಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಇರುತ್ತದಲ್ಲ, 2013ರಿಂದ ಬರುತ್ತಿರುವುದು, ಹಾಲಿನ ಪುಡಿಯನ್ನು ಶಾಲೆಯಲ್ಲೇ ಕಲಸಿ ಬಿಸಿ ಬಿಸಿ ಕೊಡುತ್ತೇವೆ. ಸ್ಟೀಲ್ ಲೋಟ ಸುಡುತ್ತದೆ. ಜೋರಾಗಿ ಊದಿದರೆ ಯೂನಿಫಾರ್ಮ್ ಮೇಲೆ ಚೆಲ್ಲುತ್ತದೆ, ಮೆಲ್ಲಗೆ ಉದ್ದವಾಗಿ ಊದಿದರೆ ನೊರೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. 'ನೊರೆ ಅಲ್ಲೇ ನಿಲ್ಲಿಸು ನೋಡೋಣ' ಅಂದೆ ಒಮ್ಮೆ. ಈಗ ಅದೊಂದು ಪಂದ್ಯವೇ ಆಗಿದೆ. ವಿದೇಶದ ಪಾಠಗಳಲ್ಲಿ ಇದಕ್ಕೆಂದೇ ಬಿಸಿ ಕೋಕೋ ಕಪ್ಪನ್ನು ಕಲ್ಪಿಸಿಕೊಳ್ಳಿ ಅಂತ ಹೇಳಿಸುತ್ತಾರೆ. ನಮಗೆ ಕಲ್ಪನೆಯ ಕಷ್ಟ ಇಲ್ಲ, ಲೋಟ ಕೈಯಲ್ಲೇ ಇದೆ!

ಇನ್ನು ಕಬಡ್ಡಿ. ಯೋಚನೆ ಮಾಡಿ, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ, ಎದುರು ಪಾಳಯದಲ್ಲಿ ಕಾಲು ಕಣ್ಣು ಎಲ್ಲ ನಿಗಾ ಇಟ್ಟು, ಉಸಿರು ಮುಗಿಯುವ ಮೊದಲೇ ಗೆರೆ ತಲುಪಬೇಕು. ತನ್ನಲ್ಲಿ ಇನ್ನೆಷ್ಟು ಉಸಿರು ಉಳಿದಿದೆ ಅನ್ನುವುದು ಆ ಮಗುವಿಗೆ ಪ್ರತಿ ಕ್ಷಣ ಗೊತ್ತಿರಬೇಕು. ಇದಕ್ಕಿಂತ ದೊಡ್ಡ ಉಸಿರಾಟದ ಪಾಠ ಯಾವ ಆಪ್‌ನಲ್ಲಿದೆ? ಆದರೂ ವೇಳಾಪಟ್ಟಿಯಲ್ಲಿ ಕಬಡ್ಡಿ 'ಆಟ', ಕಣ್ಣು ಮುಚ್ಚಿ ಕೂರುವುದು 'ಮೌಲ್ಯಶಿಕ್ಷಣ'. ಪಾಠ ಮುಗಿದಿಲ್ಲ ಅಂತ ಮೊದಲು ಕತ್ತರಿ ಬೀಳುವುದು ಆಟಕ್ಕೆ, ಅದು ನಿಮಗೆಲ್ಲ ಗೊತ್ತಿರುವುದೇ.

ನಮ್ಮ ಮೈಸೂರಿನವರಿಗೆ ಇದು ಹೊಸ ವಿಷಯ ಆಗಬಾರದಿತ್ತು. ಇವತ್ತು ಜಗತ್ತೆಲ್ಲ ಮಾಡುವ ಬೆವರಿಳಿಸುವ ಯೋಗ ಇದೆಯಲ್ಲ, ಅದರ ಬಹುಪಾಲು ರೂಪುಗೊಂಡದ್ದು ಇಲ್ಲೇ ಜಗನ್ಮೋಹನ ಅರಮನೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿ ಯೋಗಶಾಲೆ ನಡೆಸಲು ಜಾಗ ಕೊಟ್ಟರು, 1933ರಲ್ಲಿ. ಕಲಿಯಲು ಬಂದವರು ಯಾರು? ಹುಡುಗರು. ಅರಮನೆಗೆ ಸೇರಿದ ಅರಸು ಮನೆತನದ ಹುಡುಗರು, ಸಂಸ್ಕೃತ ಪಾಠಶಾಲೆಯ ಹುಡುಗರು. ಆ ವಯಸ್ಸಿನವರನ್ನು ಕೂರಿಸಿ ಧ್ಯಾನ ಮಾಡಿಸಿದರೆ ಏನಾಗುತ್ತದೆ ಅಂತ ಆಚಾರ್ಯರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರು ನೆಗೆಸಿದರು, ಬಗ್ಗಿಸಿದರು, ಕೈ ಮೇಲೆ ನಿಲ್ಲಿಸಿದರು, ಒಂದೊಂದು ಚಲನೆಗೂ ಒಂದೊಂದು ಉಸಿರು ಕಟ್ಟಿದರು. ಎತ್ತುವಾಗ ಎಳೆದುಕೋ, ಬಗ್ಗುವಾಗ ಬಿಡು. ಅವರ 'ಯೋಗ ಮಕರಂದ' 1934ರಲ್ಲಿ ಬಂದದ್ದು ಕನ್ನಡದಲ್ಲಿ. ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಮುಂದೆ ಜಗತ್ತಿಗೇ ಯೋಗ ಕಲಿಸಿದ ಈ ಇಬ್ಬರೂ ಕೃಷ್ಣಮಾಚಾರ್ಯರ ಬಳಿ ಬಂದಾಗ ಇನ್ನೂ ಹುಡುಗರೇ. ಅಯ್ಯಂಗಾರರಂತೂ ಕಾಯಿಲೆ ಬಿದ್ದು ಬಿದ್ದು ಬಡಕಲಾಗಿದ್ದವರು.

ಅಲ್ಲಿನ ಶಿಸ್ತನ್ನು ನಾನು ಹೊಗಳಲು ಹೋಗುವುದಿಲ್ಲ. ಗುರುಗಳು ತುಂಬ ಕಟ್ಟುನಿಟ್ಟು ಅಂತ ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ನನಗೆ ಬೇಕಾಗಿರುವುದು ಒಂದೇ ಅಂಶ: ಚಲನೆಗೆ ಉಸಿರನ್ನು ಹೊಂದಿಸಿದ್ದು. ಕಪ್ಪೆ ಕುಪ್ಪಳಿಸುವಾಗ 'ಹಾ' ಅಂತ ಬಿಡಬೇಕು, ಕೊಕ್ಕರೆ ರೆಕ್ಕೆ ಎತ್ತುವಾಗ ಎಳೆದುಕೊಳ್ಳಬೇಕು, ಬೆಕ್ಕು ಬೆನ್ನು ಏರಿಸುವಾಗ ಬಿಡಬೇಕು. ಇದನ್ನು ಎರಡು ದಿನದಲ್ಲಿ ಕಲಿಯುತ್ತಾರೆ, ಮೂರನೇ ದಿನ ನನ್ನನ್ನೇ ತಿದ್ದುತ್ತಾರೆ.

ಮೈಸೂರಿನ ಈ ಯೋಗ ಸುತ್ತು ಹಾಕಿ ಮತ್ತೆ ಪ್ರೈಮರಿ ಶಾಲೆಗೆ ಬಂದ ಕಥೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಡಿಯೇಗೊ ಹತ್ತಿರ ಎನ್ಸಿನಿಟಾಸ್ ಅಂತ ಕಡಲ ತೀರದ ಊರು. ಅಲ್ಲಿನ ಸರ್ಕಾರಿ ಎಲಿಮೆಂಟರಿ ಶಾಲೆಗಳಿಗೆ ಪಟ್ಟಾಭಿ ಜೋಯಿಸರ ಹೆಸರಿನ ಜೋಯಿಸ್ ಫೌಂಡೇಶನ್ 2012ರಲ್ಲಿ 5 ಲಕ್ಷ 33 ಸಾವಿರ ಡಾಲರ್ ಕೊಟ್ಟಿತು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಯೋಗ, ದೈಹಿಕ ಶಿಕ್ಷಣದ ಪೀರಿಯಡ್‌ನ ಭಾಗವಾಗಿ. ಇದು ಧರ್ಮದ ಪಾಠ, ಸರ್ಕಾರಿ ಶಾಲೆಯಲ್ಲಿ ಬೇಡ ಅಂತ ಒಂದು ದಂಪತಿ 2013ರಲ್ಲಿ ಕೋರ್ಟಿಗೆ ಹೋದರು. ಶಾಲೆಯವರು ಸಂಸ್ಕೃತದ ಹೆಸರುಗಳನ್ನೆಲ್ಲ ತೆಗೆದಿದ್ದರು, ನಮ್ಮ ಪದ್ಮಾಸನಕ್ಕೆ ಅಲ್ಲಿ ಶಿಶುಪದ್ಯದ ಧಾಟಿಯ ಹೆಸರು ಬಂದಿತ್ತು. ಅದೇ ವರ್ಷ ಜುಲೈನಲ್ಲಿ ನ್ಯಾಯಾಧೀಶ ಜಾನ್ ಮೇಯರ್ ತೀರ್ಪು ಕೊಟ್ಟರು. ಯೋಗದ ಬೇರು ಧರ್ಮದಲ್ಲೇ ಇದೆ, ಆದರೆ ಈ ಶಾಲೆಗಳಲ್ಲಿ ನಡೆಯುತ್ತಿರುವುದು ಧರ್ಮದ ಪಾಠ ಅಲ್ಲ ಅಂದರು. 2015ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

ಈ ಕೇಸನ್ನು ಓದಿ ನಗುವ ಭಾರತೀಯರನ್ನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಕಪ್ಪೆ, ಕೊಕ್ಕರೆ, ಹಾವು, ದುಂಬಿ ಅಂದರೆ ಯಾರ ಅಪ್ಪ ಅಮ್ಮನೂ ಗೇಟಿನ ಹತ್ತಿರ ಬಂದು ಪ್ರಶ್ನೆ ಕೇಳುವುದಿಲ್ಲ, ಮಕ್ಕಳಿಗೂ ಪ್ರಾಣಿ ಆಗುವುದೇ ಖುಷಿ. ಓಂಕಾರ ಸೇರಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಮ್ಮ್ಮ್ ಅಷ್ಟೇ ಸಾಕು ಸರ್ ಅಂದೆ.

ಎನ್ಸಿನಿಟಾಸ್ ಕಥೆಗೆ ಬಾಲ ಇದೆ, ನನಗೆ ಆಸಕ್ತಿ ಇರುವುದು ಅದರಲ್ಲೇ. ಆ ಫೌಂಡೇಶನ್ ಮುಂದೆ ಹೆಸರು ಬದಲಿಸಿ ಸೊನಿಮಾ ಆಯಿತು, ಆಮೇಲೆ ಪ್ಯೂರ್ ಎಡ್ಜ್ ಆಯಿತು. ಅವರ ಉಸಿರಾಟ ಮತ್ತು ಚಲನೆಯ ಪಾಠವನ್ನು ಕ್ಯಾಲಿಫೋರ್ನಿಯಾದ ಬಡ ಕುಟುಂಬಗಳ ಶಾಲೆಗಳಲ್ಲಿ ಎರಡು ವರ್ಷ ನಡೆಸಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನೂರಕ್ಕೂ ಸ್ವಲ್ಪ ಹೆಚ್ಚು ಮಕ್ಕಳ ನಿದ್ದೆಯನ್ನು ಯಂತ್ರ ಕಟ್ಟಿ ಅಳೆದರು. 2021ರಲ್ಲಿ ಫಲಿತಾಂಶ ಬಂತು. ಪಾಠ ಕಲಿತ ಮಕ್ಕಳ ನಿದ್ದೆ ರಾತ್ರಿಗೆ ಸರಾಸರಿ 74 ನಿಮಿಷ ಜಾಸ್ತಿಯಾಗಿತ್ತು. ಬೇಗ ಮಲಗಿ, ಫೋನ್ ಇಡಿ ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಚಿಕ್ಕ ಅಧ್ಯಯನ, ಸರಿ. ಆದರೂ ನಿದ್ದೆಯನ್ನು ನೋಡಿದರಲ್ಲ, ಅದು ನನಗೆ ಹಿಡಿಸಿತು. ನಮ್ಮಲ್ಲಿ ಫಲ ಅಂದರೆ 'ಕ್ಲಾಸ್ ಸೈಲೆಂಟ್ ಆಯಿತಾ' ಅನ್ನುವುದೇ. ಇನ್ನೊಂದು ವಿಷಯ, ಚೆನ್ನಾಗಿ ನಿದ್ದೆ ಮಾಡುತ್ತಿದ್ದ ಮಕ್ಕಳೇ ತಮಗೆ ಟೆನ್ಷನ್ ಇದೆ ಅಂತ ಜಾಸ್ತಿ ಹೇಳಿಕೊಂಡರಂತೆ. ಬಹುಶಃ ಅದೇನು ಅಂತ ಗುರುತು ಹಿಡಿಯಲು ಕಲಿತದ್ದರಿಂದ ಇರಬಹುದು ಅನ್ನುವುದು ಸಂಶೋಧಕರ ಊಹೆ. ನನಗೂ ಹಾಗೇ ಅನ್ನಿಸುತ್ತದೆ. ಹೊಟ್ಟೆ ನೋವು ಅಂತ ಮಾತ್ರ ಹೇಳುತ್ತಿದ್ದ ಮಗು ಒಂದು ದಿನ 'ಹೆದರಿಕೆ ಆಯ್ತದೆ ಮಿಸ್' ಅಂದರೆ ಅದು ಮುಂದಕ್ಕಿಟ್ಟ ಹೆಜ್ಜೆಯೇ ಅಲ್ವಾ.

ಇದರ ಪಕ್ಕದಲ್ಲಿ ಬ್ರಿಟನ್ನಿನ ಮಿರಿಯಡ್ ಅಧ್ಯಯನವನ್ನು ಇಟ್ಟು ನೋಡಿ. 85 ಶಾಲೆಗಳು, 8 ಸಾವಿರಕ್ಕೂ ಹೆಚ್ಚು ಮಕ್ಕಳು, ವಯಸ್ಸು ಹನ್ನೊಂದರ ಮೇಲೆ. ಟೀಚರುಗಳಿಗೆ ತರಬೇತಿ ಕೊಟ್ಟು ಕ್ಲಾಸಿನಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಉಸಿರು, ಮನಸ್ಸನ್ನು ಗಮನಿಸುವ ಅಭ್ಯಾಸ, ಹೇಳಿಸಿದರು. 2022ರಲ್ಲಿ ಬಂದ ಉತ್ತರ: ಮಾಮೂಲಿ ಪಾಠ ಪಡೆದ ಶಾಲೆಗಳ ಮಕ್ಕಳಿಗಿಂತ ಇವರ ಮನಸ್ಸಿನ ಆರೋಗ್ಯದಲ್ಲಿ ಏನೂ ಹೆಚ್ಚಿನ ಲಾಭ ಇಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ, ಎಷ್ಟೋ ಜನಕ್ಕೆ ಬೋರ್ ಹೊಡೆಯಿತು. ಸ್ವಲ್ಪ ಉಪಯೋಗ ಆದದ್ದು ಟೀಚರುಗಳಿಗೆ, ಅವರ ದಣಿವು ಆ ಸಮಯಕ್ಕೆ ಕಡಿಮೆ ಆಯಿತಂತೆ! ಅವರು ದೊಡ್ಡ ಮಕ್ಕಳು, ದೇಶ ಬೇರೆ, ಪಾಠ ಬೇರೆ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಆದರೂ ಮಕ್ಕಳಿಗೆ ಬೇಕು ಅನ್ನಿಸದ್ದನ್ನು ಪೀರಿಯಡ್ ಮಾಡಿ ಹೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಇಷ್ಟು ದೊಡ್ಡ ಉದಾಹರಣೆ ಬೇರೆ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲೂ 2022ರ ನವೆಂಬರ್‌ನಲ್ಲಿ ಶಾಲೆ, ಪಿಯು ಕಾಲೇಜುಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಅಂತ ಆಗಿನ ಶಿಕ್ಷಣ ಸಚಿವರು ಹೇಳಿದ್ದು, ಪರ ವಿರೋಧ ಎದ್ದದ್ದು ನೆನಪಿರಬಹುದು. ದೆಹಲಿಯವರು 2018ರಲ್ಲೇ ನರ್ಸರಿಯಿಂದ 8ನೇ ಕ್ಲಾಸಿನವರೆಗೆ 'ಹ್ಯಾಪಿನೆಸ್' ತರಗತಿ ಶುರು ಮಾಡಿದರು, ಮೊದಲ ಕೆಲವು ನಿಮಿಷ ಉಸಿರಾಟ, ಆಮೇಲೆ ಕಥೆ, ಚಟುವಟಿಕೆ. ಕಥೆ ಇಟ್ಟುಕೊಂಡದ್ದು ಒಳ್ಳೆಯ ಬುದ್ಧಿ. ಇನ್ನು ಜೂನ್ 21ರ ಯೋಗ ದಿನದ ಬಗ್ಗೆ ಏನು ಹೇಳಲಿ. ಮೈದಾನದಲ್ಲಿ ಸಾಲು, ಬಿಳಿ ಟೀ ಶರ್ಟು, ಭಾಷಣ ಮುಗಿಯುವ ತನಕ ಮಕ್ಕಳು ಬಿಸಿಲಲ್ಲಿ, ಫೋಟೋ ವಾಟ್ಸಾಪ್ ಗ್ರೂಪಿಗೆ. ಮರುದಿನ ಎಲ್ಲ ಖಾಲಿ.

ನನ್ನನ್ನು ಹುಡುಕಿಕೊಂಡು ಬಂದು ಕೇಳುವ ಟೀಚರುಗಳಿಗೆ ನಾನು ಹೇಳುವುದರಲ್ಲಿ 'ಬೇಡ'ಗಳೇ ಜಾಸ್ತಿ. ಕಣ್ಣು ಮುಚ್ಚಲೇಬೇಕು ಅಂತ ಹಟ ಹಿಡಿಯಬೇಡಿ. ಮನೆಯಲ್ಲಿ ಹೊಡೆತ ತಿನ್ನುವ ಮಗುವಿಗೆ ಕಣ್ಣು ಮುಚ್ಚುವುದು ಅಂದರೆ ಭಯ, ಅದು ನಿಮ್ಮ ಕೈ ಎಲ್ಲಿದೆ ಅಂತ ನೋಡುತ್ತಿರಬೇಕು. ನೆಲ ನೋಡಲಿ, ಕಿಟಕಿ ನೋಡಲಿ. ಉಸಿರು ಹಿಡಿದು ನಿಲ್ಲುವ ಕುಂಭಕ ಪುಟ್ಟ ಮಕ್ಕಳಿಗೆ ಬೇಡ. ಒಳಗೆ ನಾಲ್ಕು, ಹಿಡಿ ಏಳು, ಹೊರಗೆ ಎಂಟು ಅನ್ನುವ ಲೆಕ್ಕವೂ ಬೇಡ. ಅವರ ಶ್ವಾಸಕೋಶ ಚಿಕ್ಕದು, ಸುಮ್ಮನೆ ಕೂತಾಗಲೂ ಅವರು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ನಮ್ಮ ಅಳತೆ ಅವರಿಗೆ ಹಿಡಿಸುವುದಿಲ್ಲ. ಬಿಸಿಯೂಟ ಆದ ಕೂಡಲೇ ಬಗ್ಗಿಸಬೇಡಿ, ಅನ್ನ ಸಾಂಬಾರು ಹೊರಗೆ ಬರುತ್ತದೆ. ಉಬ್ಬಸ ಇರುವ ಮಗುವನ್ನು ಗುರುತಿಟ್ಟುಕೊಳ್ಳಿ, ಓಟ ಅವರಿಗೆ ಅರ್ಧ ಸಾಕು, ಗೊರ ಗೊರ ಸದ್ದು ಬಂದರೆ ಅದು ಉಸಿರಾಟದ ಆಟದಿಂದ ಹೋಗುವಂಥದ್ದಲ್ಲ, ಅದಕ್ಕೆ ಔಷಧಿ ಬೇಕು.

ಮುಟ್ಟಿ ತಿದ್ದಲೇಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಆಸನ ತಿದ್ದುವ ಹೆಸರಿನಲ್ಲಿ ಪಟ್ಟಾಭಿ ಜೋಯಿಸರು ತಮ್ಮನ್ನು ಕೆಟ್ಟದಾಗಿ ಮುಟ್ಟಿದರು ಅಂತ ಅವರ ಕೆಲವು ಶಿಷ್ಯೆಯರು ಬಹಿರಂಗವಾಗಿಯೇ ಹೇಳಿದ್ದಾರೆ. ಮೈಸೂರಿನಲ್ಲಿ ಈ ಮಾತು ಎತ್ತಿದರೆ ಹಲವರಿಗೆ ಸಿಟ್ಟು ಬರುತ್ತದೆ, ಬರಲಿ. ಕೊಕ್ಕರೆ ಸೊಟ್ಟಗೆ ನಿಂತರೆ ಏನು ನಷ್ಟ? ನೀವೇ ಮುಂದೆ ನಿಂತು ಮಾಡಿ ತೋರಿಸಿ, ನೋಡಿ ಕಲಿಯುತ್ತಾರೆ.

ಮತ್ತೆ, ಶಿಕ್ಷೆಯಾಗಿ ಮಾಡಿಸಬೇಡಿ. ಒಂದು ಖಾಸಗಿ ಶಾಲೆಯಲ್ಲಿ ಗಲಾಟೆ ಮಾಡಿದ ಹುಡುಗನನ್ನು ಮೂಲೆಗೆ ಕಳಿಸಿ 'ಇಪ್ಪತ್ತು ಸಲ ಉಸಿರಾಡಿಕೊಂಡು ಬಾ' ಅಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಗೋಡೆ ಮೇಲೆ ಅದಕ್ಕೆ 'ಶಾಂತಿ ಮೂಲೆ' ಅಂತ ಬಣ್ಣದ ಬೋರ್ಡು ಬೇರೆ. ಹಿಂದೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಈಗ ಮ್ಯಾಟ್ ಮೇಲೆ ಕೂರಿಸುತ್ತಾರೆ. ಆ ಹುಡುಗ ಇನ್ನು ಮುಂದೆ ಭಯವಾದಾಗ ತನ್ನ ಉಸಿರಿನ ಸಹಾಯ ಕೇಳುತ್ತಾನೆ ಅಂತ ನಿಮಗೆ ಅನ್ನಿಸುತ್ತದೆಯೇ?

ಎಷ್ಟು ಹೊತ್ತು ಅಂತ ಕೇಳುತ್ತಾರೆ. ಕುಣಿತ ಐದು ನಿಮಿಷ, ಊದುವುದು ಒಂದು ನಿಮಿಷ, ಸುಮ್ಮನಿರುವುದು ಅವರಿಗೆ ಆದಷ್ಟು, ಕೆಲವು ದಿನ ಆರು ಸೆಕೆಂಡು. ಮಳೆಗಾಲದಲ್ಲಿ ಕೋಣೆಯೊಳಗೇ. ಇದರಿಂದ ಓದು ಸುಧಾರಿಸಿತಾ ಅಂದರೆ ಹೌದು ಅನ್ನಲು ನನ್ನ ಹತ್ತಿರ ಲೆಕ್ಕ ಇಲ್ಲ. ಗಣಿತದ ಕಾರ್ಡು ತೆಗೆಯುವ ಮೊದಲು ಮಾಡಿಸಿದರೆ ಜಗಳ ಕಡಿಮೆ, ಅಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಮಕ್ಕಳು ನಾನು ಹೇಳದೆ ಇದ್ದಾಗಲೂ ಮಾಡುತ್ತಾರೆ ಅನ್ನುವುದು ನನಗೆ ಹೆಚ್ಚಿನ ವಿಷಯ. ಮೊನ್ನೆ ಚುಚ್ಚುಮದ್ದಿಗೆ ಆರೋಗ್ಯ ಸಹಾಯಕಿ ಬಂದಿದ್ದಾಗ ಸಾಲಿನಲ್ಲಿ ಹಿಂದಿನಿಂದ ಸ್ಸ್ಸ್ ಅಂತ ಹಾವಿನ ಸದ್ದು ಬರುತ್ತಿತ್ತು. ಆಮೇಲೆ ಅತ್ತರು, ಅದು ಬೇರೆ ಮಾತು.

ಈಗ ಒಂದೇ ಉಸಿರಿನಲ್ಲಿ ಹಾಡುವ, ಹೇಳುವ, ಓಡುವ ಆಟಗಳನ್ನು ಕೂಡಿಹಾಕುತ್ತಿದ್ದೇನೆ. ಕಬಡ್ಡಿ ಬಿಟ್ಟು ನನಗೆ ಗೊತ್ತಿರುವುದು ಕಡಿಮೆ. ಮಲೆನಾಡು, ಕರಾವಳಿ, ಉತ್ತರ ಕರ್ನಾಟಕದ ಕಡೆ ನಿಮ್ಮ ಅಜ್ಜಿ ತಾತ ಅಂಥದ್ದೇನಾದರೂ ಆಡುತ್ತಿದ್ದರೆ ಹಾಡು ಸಮೇತ ಬರೆದು ಕಳಿಸಿ, ಸೋತವರಿಗೆ ಏನು ಮಾಡಿಸುತ್ತಿದ್ದರು ಅನ್ನುವುದನ್ನೂ ಸೇರಿಸಿ. ನನ್ನ ಮೂರನೇ ಕ್ಲಾಸಿನವರು ಮೊದಲು ಕೇಳುವುದು ಅದನ್ನೇ.